ಬೇಸಿಗೆ ರಜೇಲಿ ಕೌದಿ ಹೊಲಿಯೋದು ಹೇಗೆ

ಕೊಡಗಲ್ಲಿ ಕೌದಿ ಕೆಲಸಕ್ಕೆ ಏಪ್ರಿಲ್-ಮೇನೇ ಸರಿ, ಜೂನಲ್ಲಿ ಮಳೆ ಹಿಡಿದ್ರೆ ಒಗೆದ ಬಟ್ಟೆ ಒಣಗೋದೇ ಇಲ್ಲ. ಹಳೇ ಕಾಟನ್ ಸೀರೆ, ಪಂಚೆ ಎಲ್ಲಾ ಒಗೆದು ಒಣಗಿಸಿ, ಹೊಸ ಬಟ್ಟೆ ಸೇರಿಸೋದಾದ್ರೆ ಅದನ್ನಂತೂ ನೆನೆಸಲೇಬೇಕು, ಇಲ್ಲಾಂದ್ರೆ ಆಮೇಲೆ ಅದೊಂದೇ ಕುಗ್ಗಿ ಪೂರ್ತಿ ಕೌದಿ ಸುಕ್ಕಾಗುತ್ತೆ, ಬಣ್ಣ ಬಿಟ್ರಂತೂ ಕಥೆ ಮುಗೀತು. 5 ಇಂಚಿನ ಚೌಕ ಕತ್ತರಿಸಿ, ಸುತ್ತ ಕಾಲು ಇಂಚು ಅಂಚು ಬಿಟ್ಟು ಜೋಡಿಸಿ. ಹೊಲಿದ್ಮೇಲೆ ಕಾಣೋದು ನಾಲ್ಕೂವರೆ ಇಂಚೇ, ಲೆಕ್ಕ ಹಾಕೋವಾಗ ನೆನಪಿರಲಿ.

ಟ್ರಿಪ್‌ಗೂ ತುಂಡು, ಸೂಜಿ, ದಾರ ಡಬ್ಬೀಲಿ ಹಾಕ್ಕೊಳ್ಳಿ. ದುಬಾರೆ ಆನೆ ಶಿಬಿರದಲ್ಲಿ ಮಕ್ಕಳು ಆನೆ ನೋಡೋವಾಗ ಕಾವೇರಿ ದಡದಲ್ಲಿ ಕೂತು ನಾಲ್ಕು ಚೌಕ ಆಗುತ್ತೆ, ಭಾಗಮಂಡಲದಿಂದ ತಲಕಾವೇರಿ ಹತ್ತೋ ತಿರುವಲ್ಲಿ ಮಾತ್ರ ಸೂಜಿ ಮುಟ್ಬೇಡಿ!

ಪದರ ಹಾಕೋದು ಒಬ್ರ ಕೈಲಿ ಆಗೋ ಕೆಲಸ ಅಲ್ಲ. ಅತ್ತಿಗೆ, ನಾದಿನಿ, ಮಕ್ಕಳು ಎಲ್ಲಾ ಸೇರಿದ ದಿನ ಕಾಫಿ ಒಣಗಿಸೋ ಕಣ ಗುಡಿಸಿ, ಅಡಿ ಬಟ್ಟೆ, ನಡುವೆ ಹಳೇ ಸೀರೆ, ಮೇಲೆ ಜೋಡಿಸಿದ್ದು ಹಾಸಿ, ನಾಲ್ಕು ಮೂಲೆ ನಾಲ್ಕು ಜನ ಎಳೆದು ಹಿಡೀಲಿ, ನೀವು ಮಧ್ಯದಿಂದ ಅಂಚಿನ ಕಡೆಗೆ ಉದ್ದುದ್ದ ಟಾಕಿ (ಪದರ ಜಾರದ ಹಾಗೆ ಹಿಡಿಯೋ ತಾತ್ಕಾಲಿಕ ಹೊಲಿಗೆ) ಹಾಕ್ತಾ ಹೋಗಿ. ಆಮೇಲೆ ಸಣ್ಣ ಹೊಲಿಗೆ ನಿಧಾನಕ್ಕೆ ಹಾಕ್ಕೊಳ್ಳಿ, ಅದು ಮುಗಿದ್ಮೇಲೆ ಟಾಕಿ ಬಿಚ್ಚಿ.