ಇಂಗ್ಲೆಂಡಿನ ಹಳೆಯ ಕಲ್ಲಿನ ಬಾರ್ನ್: ಸಂದುಗಳಿಗೆ ಸುಣ್ಣದ ಗಾರೆ ತುಂಬುವ ಬಗೆ

ಬಾರ್ನ್ ಎಂದರೆ ಹುಲ್ಲು, ಧಾನ್ಯ ಕೂಡಿಡುವ, ದನ ಕಟ್ಟುವ ಹೊಲದ ಕಟ್ಟಡ. ಉತ್ತರ ಇಂಗ್ಲೆಂಡಿನ ಯಾರ್ಕ್‌ಷೈರ್ ಡೇಲ್ಸ್‌ನ ಹೊಲದ ಬಾರ್ನ್ ಇರಲಿ, ಕಾಟ್ಸ್‌ವೋಲ್ಡ್ಸ್‌ನ ಸುಣ್ಣಕಲ್ಲಿನ ಬಾರ್ನ್ ಇರಲಿ, ಗೋಡೆಯ ಕಟ್ಟು ಹೆಚ್ಚುಕಡಿಮೆ ಒಂದೇ. ಹೊರಗೊಂದು, ಒಳಗೊಂದು ಕಲ್ಲಿನ ಸಾಲು, ನಡುವೆ ಚೂರುಗಲ್ಲು. ಎರಡನ್ನೂ ಬಿಗಿಹಿಡಿಯಲು ಅಲ್ಲಲ್ಲಿ ಉದ್ದನೆಯ ಅಡ್ಡಗಲ್ಲು. ಡೇಲ್ಸ್‌ನಲ್ಲಿ ಇವುಗಳ ತುದಿ ಸಾಲಾಗಿ ಹೊರಚಾಚಿರುತ್ತದೆ, ಅದನ್ನು ಕಡಿಯಬೇಡಿ.

ಒಳಸೇರಿದ ತೇವ ಸಂದುಗಳ ಮೂಲಕವೇ ಆರಬೇಕು. ಹಾಗಾಗಿ ಗಾರೆ ಕಲ್ಲಿಗಿಂತ ಮೆತ್ತಗಿರಬೇಕು. ಸಿಮೆಂಟ್ ತುಂಬಿದರೆ ತೇವ ಕಲ್ಲಿನೊಳಗೆ ಉಳಿದು, ಚಳಿಗೆ ಹೆಪ್ಪುಗಟ್ಟಿ, ಕಲ್ಲಿನ ಮುಖ ಹಕ್ಕಳೆಯಾಗಿ ಉದುರುತ್ತದೆ. ಕೊನೆಗೆ ಕಲ್ಲು ಒಳಸರಿದು ಸಿಮೆಂಟಿನ ಏಣುಗಳಷ್ಟೇ ಎದ್ದು ಕಾಣುತ್ತವೆ.

ಕಟ್ಟಡ ಸಂರಕ್ಷಿತ ಪಟ್ಟಿಯಲ್ಲಿದ್ದರೆ ಸ್ಥಳೀಯ ಯೋಜನಾ ಪ್ರಾಧಿಕಾರವನ್ನು ಮೊದಲೇ ಕೇಳಿ. ಸಂದಿನಲ್ಲಿ ಬಾವಲಿ ಕಂಡರೆ ಕೆಲಸ ನಿಲ್ಲಿಸಿ, ಅವಕ್ಕೆ ಕಾನೂನಿನ ರಕ್ಷಣೆಯಿದೆ.

ಸಡಿಲವಾದ ಗಾರೆಯನ್ನು ಮಾತ್ರ ತೆಗೆಯಿರಿ, ಗಟ್ಟಿಯಿರುವುದನ್ನು ಮುಟ್ಟಬೇಡಿ. ತೆಗೆಯುವ ಆಳ, ಸಂದಿನ ಅಗಲದ ಎರಡರಷ್ಟು, ಕನಿಷ್ಠ 25 ಮಿ.ಮೀ. ಉಳಿ, ಸುತ್ತಿಗೆ ಸಾಕು. ತಿರುಗುವ ಬಿಲ್ಲೆಯಿಂದ ಕೊರೆಯುವ ಗ್ರೈಂಡರ್ ಯಂತ್ರ ಕಲ್ಲಿನ ಅಂಚು ತಿನ್ನುತ್ತದೆ. ಹಳೆಯ ಸಿಮೆಂಟ್ ಕಿತ್ತರೆ ಅಂಚೂ ಒಡೆಯುವಂತಿದ್ದರೆ ಬಿಟ್ಟುಬಿಡುವುದೇ ಜಾಣತನ. ಧೂಳು ತೊಳೆದು ಸಂದನ್ನು ಚೆನ್ನಾಗಿ ನೆನೆಸಿ. ಒಣಗಲ್ಲು ಗಾರೆಯ ನೀರು ಹೀರಿಕೊಂಡರೆ ಗಾರೆ ಬಲಿಯದೆ ಪುಡಿಯಾಗುತ್ತದೆ.

ಗಾರೆಗೆ 1 ಪಾಲು ಎನ್‌ಎಚ್‌ಎಲ್ 3.5 ಸುಣ್ಣಕ್ಕೆ ಎರಡೂವರೆ ಪಾಲು ಒರಟು ಮರಳು. ಎನ್‌ಎಚ್‌ಎಲ್ ಎಂದರೆ ನೀರು ಸೇರಿದಾಗ ಗಟ್ಟಿಯಾಗುವ ನೈಸರ್ಗಿಕ ಸುಣ್ಣ, ಅಂಕಿ ಕಡಿಮೆಯಾದಷ್ಟೂ ಗಾರೆ ಮೆತ್ತಗೆ. ಮೆದು ಕಲ್ಲಿಗೆ ಎನ್‌ಎಚ್‌ಎಲ್ 2 ಅಥವಾ ಸುಣ್ಣದ ಪುಟ್ಟಿ, ಅಂದರೆ ನೀರಿನಲ್ಲಿ ಅರಳಿಸಿದ ಸುಣ್ಣದ ಮುದ್ದೆ. ಅಂಗೈಯಲ್ಲಿ ಉಂಡೆ ಕಟ್ಟಿದರೆ ನಿಲ್ಲುವಷ್ಟು ಬಿರುಸಾಗಿರಲಿ. ನೀರು ಹೆಚ್ಚಾದರೆ ಒಣಗುವಾಗ ಬಿರುಕು ಬರುವುದು ಖಂಡಿತ. ಕೈಗವಸು, ಕನ್ನಡಕ ಹಾಕಿಕೊಳ್ಳಿ, ಸುಣ್ಣ ಕಣ್ಣು ಸುಡುತ್ತದೆ.

ಆಳದ ಸಂದಿಗೆ ಚಕ್ಕೆಗಲ್ಲು ಸಿಕ್ಕಿಸಿ, 20 ಮಿ.ಮೀ. ಪದರಗಳಲ್ಲಿ ಒತ್ತಿ ತುಂಬಿ. ಕಲ್ಲಿನ ಮುಖದ ಮೇಲೆ ಗಾರೆ ಹರಡಬಾರದು. ಕೈಗೆ ಅಂಟದಷ್ಟು ಆರಿ, ಉಗುರಿನ ಗೀರು ಬೀಳುವ ಹದಕ್ಕೆ ಬಂದಾಗ ಬಿರುಸು ಬ್ರಷ್‌ನಿಂದ ಕುಟ್ಟಿ. ಸಣ್ಣ ಬಿರುಕುಗಳು ಮುಚ್ಚುತ್ತವೆ, ಮರಳಿನ ಕಾಳು ಹೊರಬರುತ್ತದೆ. ಕರಣೆಯಿಂದ ನುಣ್ಣಗೆ ಎಳೆದರೆ ಸುಣ್ಣ ಮೇಲೇರಿ ಪೊರೆ ಕಟ್ಟಿ ಆರುವ ದಾರಿ ಮುಚ್ಚುತ್ತದೆ.

ಒಂದು ವಾರ ಒದ್ದೆ ಗೋಣಿತಟ್ಟು ಹೊದಿಸಿ, ಒಣಗದಂತೆ ನೀರು ಚಿಮುಕಿಸಿ. ತಾಪಮಾನ 5 ಡಿಗ್ರಿ ಸೆಲ್ಸಿಯಸ್‌ಗಿಂತ ಇಳಿಯುವ ದಿನಗಳಲ್ಲಿ ಕೆಲಸ ಬೇಡ. ಬಲಿಯದ ಗಾರೆ ಹೆಪ್ಪುಗಟ್ಟಿದರೆ ವಸಂತಕ್ಕೆ ಉದುರುತ್ತದೆ. ಗೋಡೆಯ ಕಿರಿದಾದ ಗಾಳಿಕಿಂಡಿಗಳನ್ನು ಸಂದು ಎಂದುಕೊಂಡು ಮುಚ್ಚಬೇಡಿ, ಅವು ಹುಲ್ಲು, ಧಾನ್ಯ ಬೂಷ್ಟು ಹಿಡಿಯದಿರಲೆಂದೇ ಬಿಟ್ಟವು.