ಕಿಕ್ ಇಲ್ಲದ ಬಿಯರ್ ಮಾಡೋದು ಹೇಗೆ?

ರಾತ್ರಿ ಎರಡು ಗಂಟೆಗೆ ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ ‘ಢಮ್’ ಅಂತ ಸದ್ದಾಯಿತು. ಐದು ನಿಮಿಷ ಬಿಟ್ಟು ಇನ್ನೊಂದು. ಬಾಗಿಲು ತೆಗೆದರೆ ಶೂಗಳ ಮೇಲೆಲ್ಲ ನೊರೆ, ಗಾಜಿನ ಚೂರು, ಬೇಕರಿಯ ವಾಸನೆ. ಇಂಗ್ಲೆಂಡಿನ ಬಾಡಿಗೆ ಮನೆಯಲ್ಲಿ ನಾನು ಮಾಡಿದ ಮೊದಲ ‘ಆಲ್ಕೋಹಾಲ್ ಇಲ್ಲದ’ ಬಿಯರ್ ಅದು. ಮಾಮೂಲಿ ಯೀಸ್ಟ್ ಹಾಕಿ, ಹುದುಗು ಬರುವುದನ್ನು ಅರ್ಧಕ್ಕೇ ನಿಲ್ಲಿಸಲು ಫ್ರಿಜ್‌ನಲ್ಲಿಟ್ಟು, ಆಮೇಲೆ ಬಾಟಲಿಗೆ ತುಂಬಿದ್ದೆ. ಯೀಸ್ಟ್ ಸತ್ತಿರಲಿಲ್ಲ, ಚಳಿಗೆ ಮುದುಡಿ ಮಲಗಿತ್ತು ಅಷ್ಟೇ. ಕಪಾಟಿನಲ್ಲಿ ಬೆಚ್ಚಗಾದ ಕೂಡಲೇ ಎದ್ದು ಕೂತು, ಉಳಿದ ಸಕ್ಕರೆಯನ್ನೆಲ್ಲ ತಿಂದು ಗ್ಯಾಸ್ ಮಾಡಿತ್ತು.

ಆಮೇಲೆ ನಾಲ್ಕೈದು ಸಲ ಮಾಡಿದ ಮೇಲೆ ಒಂದು ವಿಷಯ ತಿಳಿಯಿತು. ಆಲ್ಕೋಹಾಲ್ ಬಾರದ ಹಾಗೆ ನೋಡಿಕೊಳ್ಳುವುದು ಅಂಥ ಕಷ್ಟವೇನಲ್ಲ. ಅದು ಮಾಡುತ್ತಿದ್ದ ಕೆಲಸವನ್ನು ಯಾರಿಂದ ಮಾಡಿಸುವುದು ಅನ್ನುವುದೇ ಕಷ್ಟ. ಬಿಯರ್‌ಗೆ ಮೈಕಟ್ಟು ಕೊಡುತ್ತಿದ್ದುದು ಅದು. ಪರಿಮಳವನ್ನು ಮೂಗಿನ ತನಕ ಹೊತ್ತು ತರುತ್ತಿದ್ದುದೂ ಅದೇ. ಎಲ್ಲಕ್ಕಿಂತ ಜಾಸ್ತಿ, ಕೆಟ್ಟ ಸೂಕ್ಷ್ಮಜೀವಿಗಳು ಒಳಗೆ ಬಾರದ ಹಾಗೆ ಕಾಯುತ್ತಿದ್ದ ಕಾವಲುಗಾರ ಅದು.

‘ಇಲ್ಲ’ ಅನ್ನುವುದಕ್ಕೂ ಒಂದು ಲೆಕ್ಕ ಇದೆ. ಜರ್ಮನಿಯಲ್ಲಿ 0.5 ಪರ್ಸೆಂಟ್ ತನಕ ಇದ್ದರೂ ‘ಆಲ್ಕೋಹಾಲ್‌ಫ್ರೈ’ ಅಂತ ಬರೆಯಬಹುದು. ಭಾರತದ ಆಹಾರ ನಿಯಮದಲ್ಲೂ 0.5 ದಾಟಿದರೆ ಮಾತ್ರ ಅದು ಮದ್ಯ. ಚೆನ್ನಾಗಿ ಕಳಿತ ಬಾಳೆಹಣ್ಣಿನಲ್ಲೂ ತುಸು ಆಲ್ಕೋಹಾಲ್ ಇರುತ್ತದೆ. ಆದರೂ 0.5 ಅಂದರೆ ಸೊನ್ನೆ ಅಲ್ಲ. ಗರ್ಭಿಣಿಯರು, ಲಿವರ್ ತೊಂದರೆ ಇರುವವರು, ವ್ರತ-ನಂಬಿಕೆ ಅಂತ ಮುಟ್ಟದವರು ಲೇಬಲ್‌ನಲ್ಲಿ 0.0 ಇದೆಯೇ ನೋಡಿಕೊಳ್ಳಬೇಕು.

ಇನ್ನೊಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬ್ರಿಟನ್‌ನಲ್ಲಿ 1963ರಿಂದ ಮನೆಯಲ್ಲಿ ಸ್ವಂತಕ್ಕೆ ಬಿಯರ್ ಮಾಡಲು ಲೈಸೆನ್ಸ್ ಬೇಡ. ಕರ್ನಾಟಕದಲ್ಲಿ ಹಾಗಲ್ಲ, ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವಂತಿಲ್ಲ. ‘ಅರ್ಧ ಪರ್ಸೆಂಟ್ ತಾನೇ ಸಾರ್’ ಅಂತ ಅಬಕಾರಿಯವರ ಜತೆ ವಾದಕ್ಕಿಳಿಯುವ ಉಸಾಬರಿ ಬೇಡ. ಊರಲ್ಲಿರುವವರು ಓದಿ ತಿಳಿದುಕೊಳ್ಳಿ, ಅನುಮತಿ ಇರುವ ದೇಶದಲ್ಲಿರುವವರು ಮಾಡಿ ನೋಡಿ.

ದೊಡ್ಡವರ ದಾರಿ, ಚಿಕ್ಕವರ ದಾರಿ

ದೊಡ್ಡ ಕಂಪನಿಗಳು ಮೊದಲು ಮಾಮೂಲಿ ಬಿಯರ್ ಮಾಡುತ್ತವೆ, ಆಮೇಲೆ ಆಲ್ಕೋಹಾಲ್ ತೆಗೆಯುತ್ತವೆ. ಆಲ್ಕೋಹಾಲ್ ಕುದಿಯುವುದು 78 ಡಿಗ್ರಿಯಲ್ಲಿ. ಅಷ್ಟು ಬಿಸಿ ಮಾಡಿದರೆ ಬಿಯರ್ ಬೆಂದು ಹೋಗುತ್ತದೆ. ಅದಕ್ಕೇ ಗಾಳಿಯ ಒತ್ತಡ ಇಳಿಸಿ, 40 ಡಿಗ್ರಿ ಆಸುಪಾಸಿನಲ್ಲೇ ಹಾರಿಸುತ್ತಾರೆ. ಇನ್ನು ಕೆಲವರು ನಮ್ಮ ಮನೆಯ ಆರ್‌ಒ ಫಿಲ್ಟರ್ ತರಹದ್ದೇ ಪೊರೆಯಲ್ಲಿ ಸೋಸುತ್ತಾರೆ. ಈ ಯಂತ್ರಗಳಿಗೆ ಸುರಿಯುವಷ್ಟು ದುಡ್ಡು ಸಣ್ಣ ಕ್ರಾಫ್ಟ್ ಬ್ರೂವರಿಗಳ ಹತ್ತಿರ ಎಲ್ಲಿಂದ ಬರಬೇಕು? ಅವರು ಬೇರೆ ದಾರಿ ಹಿಡಿದರು. ಆಲ್ಕೋಹಾಲ್ ತೆಗೆಯುವ ಬದಲು, ಅದು ಹುಟ್ಟದ ಹಾಗೆ ನೋಡಿಕೊಳ್ಳುವುದು. ಮನೆಯಲ್ಲಿ ಮಾಡುವವರಿಗೂ ಅದೇ ದಾರಿ. ಕೆಳಗಿನದು ಸುಮಾರು 20 ಲೀಟರ್ ಲೆಕ್ಕ.

ಕಾಳು ಮತ್ತು ಬಿಸಿ

ಮಾಲ್ಟ್ ಅಂದರೆ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ. ಮಗುವಿನ ಸರಿಗೆ ರಾಗಿಯನ್ನು ಮೊಳಕೆ ಕಟ್ಟಿ ಒಣಗಿಸುತ್ತೇವಲ್ಲ, ಅದೇ ಕೆಲಸ. ಮಾಮೂಲಿ ಬಿಯರ್‌ಗೆ ನಾಲ್ಕೂವರೆ ಕಿಲೋ ಬೇಕಾದ ಕಡೆ ಇಲ್ಲಿ 2.2 ಕಿಲೋ ಸಾಕು. ಒಂದೂವರೆ ಕಿಲೋ ಪೇಲ್ ಮಾಲ್ಟ್, 400 ಗ್ರಾಂ ಗೋಧಿ ಮಾಲ್ಟ್, 300 ಗ್ರಾಂ ಓಟ್ಸ್. ಗೋಧಿ ನೊರೆಗೆ, ಓಟ್ಸ್ ಮೈಕಟ್ಟಿಗೆ. ಓಟ್ಸ್ ಬಿಟ್ಟರೆ ನೀರು ಕುಡಿದ ಹಾಗೆ ಇರುತ್ತದೆ, ದಯವಿಟ್ಟು ಬಿಡಬೇಡಿ.

25 ಲೀಟರ್ ನೀರನ್ನು 82 ಡಿಗ್ರಿಗೆ ಕಾಯಿಸಿ, ಪುಡಿ ಮಾಡಿದ ಕಾಳನ್ನು ಬಟ್ಟೆಯ ಚೀಲದಲ್ಲಿ ಕಟ್ಟಿ ಇಳಿಬಿಡಿ. ತಾಪಮಾನ 79-80ಕ್ಕೆ ಬಂದು ನಿಲ್ಲುತ್ತದೆ. ಅಲ್ಲೇ ಅರ್ಧ ಗಂಟೆ ಇರಲಿ.

ಇಷ್ಟು ಬಿಸಿ ಯಾಕೆ? ಮಾಲ್ಟ್‌ನಲ್ಲಿ ಎರಡು ಎಂಜೈಮ್‌ಗಳು ಪಿಷ್ಟವನ್ನು ಒಡೆಯುತ್ತವೆ. ಬೀಟಾ ಅಮೈಲೇಸ್‌ಗೆ 60ರಿಂದ 65 ಡಿಗ್ರಿ ಇಷ್ಟ, ಅದು ಪಿಷ್ಟವನ್ನು ಸಣ್ಣ ಸಕ್ಕರೆಯಾಗಿ ಕತ್ತರಿಸುತ್ತದೆ. ಯೀಸ್ಟ್‌ಗೆ ಆ ಸಕ್ಕರೆಯೇ ಊಟ. ಆಲ್ಫಾ ಅಮೈಲೇಸ್ ಇನ್ನೂ ಬಿಸಿ ತಡೆದು, ದಪ್ಪ ದಪ್ಪ ತುಂಡು ಮಾಡುತ್ತದೆ. ಈ ದಪ್ಪ ತುಂಡುಗಳು ಯೀಸ್ಟ್ ಬಾಯಿಗೆ ಹಿಡಿಸುವುದಿಲ್ಲ, ನಮ್ಮ ನಾಲಿಗೆಗೂ ಅಷ್ಟಾಗಿ ಸಿಹಿ ಅನ್ನಿಸುವುದಿಲ್ಲ. 80 ಡಿಗ್ರಿಯಲ್ಲಿ ಬೀಟಾ ಕೆಲಸ ಶುರು ಮಾಡುವ ಮೊದಲೇ ಸಾಯುತ್ತದೆ, ಆಲ್ಫಾ ಸಾಯುವ ಮುಂಚೆ ಒಂದಷ್ಟು ಕೆಲಸ ಮುಗಿಸುತ್ತದೆ. ನಮಗೆ ಬೇಕಾದ್ದೂ ಅದೇ.

ಅರ್ಧ ಗಂಟೆ ಆದ ಮೇಲೆ ಒಂದು ಚಮಚ ರಸವನ್ನು ಬಿಳಿ ತಟ್ಟೆಗೆ ಹಾಕಿ ಒಂದು ಹನಿ ಅಯೋಡಿನ್ ಬಿಡಿ. ಕಡುನೀಲಿಗೆ ತಿರುಗಿದರೆ ಪಿಷ್ಟ ಇನ್ನೂ ಉಳಿದಿದೆ, ಇನ್ನು ಹತ್ತು ನಿಮಿಷ ಕಾಯಿರಿ. ಆ ರಸವನ್ನು ಮಾತ್ರ ಪಾತ್ರೆಗೆ ವಾಪಸ್ ಸುರಿಯಬೇಡಿ.

ಕುದಿ, ಕಹಿ, ಹುಳಿ

ಚೀಲ ಎತ್ತಿ ಹಿಂಡಿ, ರಸವನ್ನು ಮುಚ್ಚಳ ಹಾಕದೆ ಒಂದು ಗಂಟೆ ಕುದಿಸಿ. ಕೊನೆಯ ಅರ್ಧ ಗಂಟೆ ಇರುವಾಗ 10 ಗ್ರಾಂ ಹಾಪ್ಸ್ ಹಾಕಿ. ಹಾಪ್ಸ್ ಒಂದು ಬಳ್ಳಿಯ ಹೂವು, ಬಿಯರ್‌ನ ಕಹಿ ಬರುವುದು ಅದರಿಂದ. ಇಲ್ಲಿ ಕೈ ಹಿಡಿತದಲ್ಲಿರಲಿ. ಮೈಕಟ್ಟು ಕಡಿಮೆ ಇರುವ ಬಿಯರ್‌ನಲ್ಲಿ ಕಹಿ ಒಂಟಿಯಾಗಿ ಎದ್ದು ಕಾಣುತ್ತದೆ. ಒಲೆ ಆರಿಸಿ, 80 ಡಿಗ್ರಿಗೆ ಇಳಿದ ಮೇಲೆ ಪರಿಮಳದ ಹಾಪ್ಸ್ 60 ಗ್ರಾಂ ಹಾಕಿ ಇಪ್ಪತ್ತು ನಿಮಿಷ ಬಿಡಿ.

ಕ್ರಾಫ್ಟ್ ಬಿಯರ್ ಪ್ರಿಯರು ‘ತಣ್ಣಗಾದ ಮೇಲೆ ಹಾಪ್ಸ್ ಹಾಕಲ್ವಾ?’ ಅಂತ ಕೇಳುತ್ತಾರೆ. ಮಾಮೂಲಿ ಬಿಯರ್‌ಗೆ ಹಾಕುತ್ತೇನೆ, ಇದಕ್ಕೆ ಇಲ್ಲ. ಹಸಿ ಹಾಪ್ಸ್‌ನಲ್ಲೂ ಎಂಜೈಮ್ ಇರುತ್ತದೆ. ನಾವು ಕಷ್ಟಪಟ್ಟು ಉಳಿಸಿಕೊಂಡ ದಪ್ಪ ತುಂಡುಗಳನ್ನು ಅದು ಸದ್ದಿಲ್ಲದೆ ಸಕ್ಕರೆಯಾಗಿ ಒಡೆಯುತ್ತದೆ. ಯೀಸ್ಟ್‌ಗೆ ಮತ್ತೆ ಹಬ್ಬ.

ಈಗ ಕಾವಲುಗಾರನ ವಿಷಯ. ಇದರಲ್ಲಿ ಸಕ್ಕರೆ ಉಳಿದಿದೆ, ಆಲ್ಕೋಹಾಲ್ ಇಲ್ಲ. ಇ. ಕೋಲಿ, ಸಾಲ್ಮೊನೆಲ್ಲಾ ತರಹದ ಬ್ಯಾಕ್ಟೀರಿಯಾಗಳಿಗೆ ಅದು ತೆರೆದ ಬಾಗಿಲು. ಮಾಮೂಲಿ ಬಿಯರ್‌ನಲ್ಲಿ ಅವು ಬದುಕುವುದು ಕಷ್ಟ. ಹಾಗಾಗಿ ಹುಳಿಯನ್ನು ಕಾವಲಿಗೆ ನಿಲ್ಲಿಸಬೇಕು. ಆಹಾರಕ್ಕೆ ಬಳಸುವ ಲ್ಯಾಕ್ಟಿಕ್ ಆಸಿಡ್ ಅನ್ನು ಹನಿ ಹನಿಯಾಗಿ ಹಾಕುತ್ತಾ ಹುಳಿಯ ಅಳತೆಯಾದ ಪಿಎಚ್ ಅನ್ನು 4.6ಕ್ಕಿಂತ ಕೆಳಗೆ ತನ್ನಿ, ಈ ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ಹುದುಗು ಬಂದ ಮೇಲೆ ಇನ್ನೊಮ್ಮೆ ಅಳೆದು 4.2ಕ್ಕೆ ನಿಲ್ಲಿಸಿ. ಮೊಸರಿಗೆ ಹುಳಿ ಕೊಡುವ ಆಸಿಡ್ಡೇ ಇದು, ಹೆದರಬೇಕಿಲ್ಲ. ಆದರೆ ಪಿಎಚ್ ಮೀಟರ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ನಾಲಿಗೆ ನಂಬುವ ಜಾಗ ಇದಲ್ಲ.

ದೊಡ್ಡವರಿಗೂ ಇಲ್ಲಿ ಪೆಟ್ಟು ಬಿದ್ದಿದೆ. ಐರ್ಲೆಂಡಿನ ಬಿಯರ್ ಕಂಪನಿ ಗಿನ್ನೆಸ್‌ನವರು ತಮ್ಮ ಆಲ್ಕೋಹಾಲ್ ಇಲ್ಲದ ‘ಗಿನ್ನೆಸ್ 0.0’ ಅನ್ನು 2020ರ ಅಕ್ಟೋಬರ್‌ನಲ್ಲಿ ಬಿಡುಗಡೆ ಮಾಡಿ, ಕೆಲವೇ ವಾರಗಳಲ್ಲಿ ಸೂಕ್ಷ್ಮಜೀವಿ ಸೇರಿರಬಹುದು ಅಂತ ಅಂಗಡಿಗಳಿಂದ ವಾಪಸ್ ತರಿಸಿಕೊಂಡರು. ಅದು ಮತ್ತೆ ಬಂದದ್ದು 2021ರಲ್ಲಿ.

ಹಸಿವು ಕಡಿಮೆ ಇರುವ ಯೀಸ್ಟ್

ಮಾಲ್ಟ್ ರಸದ ಮುಖ್ಯ ಸಕ್ಕರೆ ಮಾಲ್ಟೋಸ್. ಅದನ್ನು ತಿನ್ನಲು ಬಾರದ ಯೀಸ್ಟ್‌ಗಳಿವೆ. ಎಲ್‌ಎ-01, ಲೋನಾ ಅನ್ನುವ ಹೆಸರಲ್ಲಿ ಪ್ಯಾಕೆಟ್ ಸಿಗುತ್ತದೆ. ಗ್ಲೂಕೋಸ್‌ನಂಥ ಸರಳ ಸಕ್ಕರೆಯನ್ನಷ್ಟೇ ತಿಂದು ಕೈ ತೊಳೆದುಕೊಳ್ಳುತ್ತವೆ. ಹಾಗಾದರೆ ಯೀಸ್ಟ್ ಯಾಕೆ ಬೇಕು, ಸುಮ್ನೆ ಮಾಲ್ಟ್ ಸೋಡಾ ಮಾಡಬಹುದಲ್ವಾ? ಮಾಡಬಹುದು, ಆದರೆ ಬಿಯರ್ ಅನ್ನಿಸುವುದಿಲ್ಲ. ಹಸಿ ಮಾಲ್ಟ್ ರಸದಲ್ಲಿ ಆಲ್ಡಿಹೈಡ್ ಅನ್ನುವ ವಸ್ತುಗಳಿರುತ್ತವೆ, ಬೇಯಿಸಿದ ಆಲೂಗಡ್ಡೆಯ ವಾಸನೆ ಅವುಗಳದ್ದೇ. ಯೀಸ್ಟ್ ಅವುಗಳನ್ನು ತಗ್ಗಿಸುತ್ತದೆ. ಯೀಸ್ಟ್‌ಗೆ ಸರಿಯಾಗಿ ಸಮಯ ಕೊಡದ ನನ್ನ ಎರಡನೇ ಪ್ರಯತ್ನವನ್ನು ಊರಿಂದ ಬಂದಿದ್ದ ಅಪ್ಪ ಒಂದು ಗುಟುಕು ಕುಡಿದು, ‘ಹಾರ್ಲಿಕ್ಸ್‌ಗೆ ಬೇವಿನ ಸೊಪ್ಪು ಹಾಕಿದ್ದೀಯಲ್ಲೋ’ ಅಂದರು.

ರಸವನ್ನು 20 ಡಿಗ್ರಿಗೆ ತಣ್ಣಗೆ ಮಾಡಿ ಯೀಸ್ಟ್ ಉದುರಿಸಿ. ಮೂರರಿಂದ ಐದು ದಿನ ಬೇಕು. ಗುಳ್ಳೆ ಜೋರಾಗಿ ಏಳುವುದಿಲ್ಲ, ಗಾಬರಿ ಬೇಡ.

ಲೆಕ್ಕ ಮಾಡುವುದು ಹೀಗೆ. ಹೈಡ್ರೋಮೀಟರ್ ಅನ್ನುವ ಗಾಜಿನ ಬುರುಡೆ ರಸದಲ್ಲಿ ಎಷ್ಟು ಮುಳುಗುತ್ತದೆ ಅನ್ನುವುದರ ಮೇಲೆ ಸಾಂದ್ರತೆ ಗೊತ್ತಾಗುತ್ತದೆ. ಶುರುವಿನಲ್ಲಿ 1.022 ಇತ್ತು, ಕೊನೆಗೆ 1.019 ಅಂದುಕೊಳ್ಳಿ. ವ್ಯತ್ಯಾಸ 0.003. ಅದನ್ನು 131.25ರಿಂದ ಗುಣಿಸಿದರೆ 0.39 ಪರ್ಸೆಂಟ್. ಬರೀ 0.001 ತಪ್ಪಿ ಓದಿದರೂ 0.13ರಷ್ಟು ವ್ಯತ್ಯಾಸ ಬಂತು, ಗಡಿ ದಾಟಿದಿರಿ! ಗ್ಯಾಸ್ ಗುಳ್ಳೆ ಅಂಟಿಕೊಂಡರೆ ಬುರುಡೆ ಮೇಲೆ ತೇಲಿ, ಆಲ್ಕೋಹಾಲ್ ಇರುವುದಕ್ಕಿಂತ ಕಡಿಮೆ ತೋರಿಸುತ್ತದೆ. ರಸವನ್ನು ಎರಡು ಲೋಟದ ಮಧ್ಯೆ ಕಾಫಿ ತಣಿಸುವ ಹಾಗೆ ಎತ್ತಿ ಎತ್ತಿ ಸುರಿದು, ಗ್ಯಾಸ್ ಬಿಡಿಸಿ ಆಮೇಲೆ ಅಳೆಯಿರಿ.

ಬಾಟಲಿ ಅಲ್ಲ, ಕೆಗ್

ಮನೆಯಲ್ಲಿ ಬಿಯರ್ ಮಾಡುವವರು ಬಾಟಲಿಗೆ ಒಂದಿಷ್ಟು ಸಕ್ಕರೆ ಹಾಕಿ ಮುಚ್ಚುತ್ತಾರೆ. ಯೀಸ್ಟ್ ಅದನ್ನು ತಿಂದು ಗ್ಯಾಸ್ ತುಂಬುತ್ತದೆ. ಇಲ್ಲಿ ಅದು ಆಗದು. ಲೀಟರಿಗೆ 6 ಗ್ರಾಂ ಸಕ್ಕರೆ ಹಾಕಿದರೂ ಅದರಿಂದಲೇ ಇನ್ನೊಂದು 0.39 ಪರ್ಸೆಂಟ್ ಹುಟ್ಟುತ್ತದೆ. ಎರಡೂ ಕೂಡಿದರೆ 0.78. ಅಲ್ಲದೆ ಎಲ್ಲಿಂದಲೋ ಬಂದ ಕಾಡು ಯೀಸ್ಟ್ ಒಂದು ಬಾಟಲಿಯೊಳಗೆ ಸೇರಿಕೊಂಡರೆ, ಉಳಿದ ಮಾಲ್ಟೋಸ್ ಅದಕ್ಕೆ ಪುಕ್ಕಟೆ ಊಟ. ಮತ್ತೆ ನನ್ನ ಕಪಾಟಿನ ಕಥೆಯೇ.

ಹಾಗಾಗಿ ತಿಳಿಯಾದ ಬಿಯರನ್ನು ಚೆನ್ನಾಗಿ ತೊಳೆದು ಸ್ಯಾನಿಟೈಸ್ ಮಾಡಿದ ಸ್ಟೀಲ್ ಕೆಗ್‌ಗೆ, ಅಂದರೆ ಒತ್ತಡ ತಡೆಯುವ ಪೀಪಾಯಿಗೆ ಹಾಕಿ, ಮೇಲೆ ಒಂದೆರಡು ಲೀಟರ್ ಜಾಗ ಬಿಟ್ಟು ಮುಚ್ಚಿ. ಗ್ಯಾಸ್ ತುಂಬುವ ಮೊದಲೇ ಕೆಗ್ಗನ್ನು ಬಿಸಿನೀರಿನ ಡ್ರಮ್ಮಿನಲ್ಲಿ ಇಳಿಸಿ. ಒಳಗಿನ ಬಿಯರ್ 63 ಡಿಗ್ರಿ ತಲುಪಿದ ಮೇಲೆ ಅರ್ಧ ಗಂಟೆ ಅಲ್ಲೇ ಇರಬೇಕು. ಹಾಲನ್ನು ಪಾಶ್ಚರೀಕರಿಸುವ ಹಳೆಯ ಲೆಕ್ಕವೂ ಇದೇ, 63 ಡಿಗ್ರಿ, 30 ನಿಮಿಷ. ಹೊರಗಿನ ನೀರಿನ ಬಿಸಿ ನೋಡಿ ಸಮಾಧಾನಪಡಬೇಡಿ, ಮುಚ್ಚಳದ ಮೂಲಕ ಥರ್ಮಾಮೀಟರ್ ಇಳಿಯುವ ಕೆಗ್ ಸಿಗುತ್ತದೆ. ಹಾಪ್ಸ್ ಪರಿಮಳ ಸ್ವಲ್ಪ ಮಂಕಾಗುತ್ತದೆ. ಆಗಲಿ ಬಿಡಿ.

ತಣ್ಣಗಾದ ಮೇಲೆ 3 ಡಿಗ್ರಿ ಫ್ರಿಜ್‌ನಲ್ಲಿಟ್ಟು, ಸಿಲಿಂಡರ್‌ನಿಂದ 12 ಪಿಎಸ್ಐ ಒತ್ತಡದಲ್ಲಿ ಇಂಗಾಲದ ಡೈಆಕ್ಸೈಡ್ ಬಿಡಿ. ವಾರದಲ್ಲಿ ಗ್ಯಾಸ್ ಹದಕ್ಕೆ ಬರುತ್ತದೆ. ಆಮೇಲೂ ಫ್ರಿಜ್ ಬಿಟ್ಟು ಹೊರಗಿಡಬೇಡಿ. ಎರಡು-ಮೂರು ವಾರದಲ್ಲಿ ಖಾಲಿ ಮಾಡಿ. ಕೊಳಾಯಿಯನ್ನು ಪ್ರತಿ ಸಲ ತೊಳೆಯಿರಿ, ಅಲ್ಲಿ ಒಣಗಿದ ಒಂದು ಹನಿಯೂ ಹುಳುಗಳಿಗೆ ಸಾಕು.

ನನ್ನ ಐದನೇ ಕೆಗ್ ಮುಗಿದಿದ್ದು ಒಂಬತ್ತೇ ದಿನಕ್ಕೆ. ಅಪ್ಪ ಎರಡನೇ ಲೋಟ ಕೇಳಿದರು. ಅಮ್ಮನಿಗೆ ಮಾತ್ರ ಫೋನಿನಲ್ಲಿ ‘ಬಾರ್ಲಿ ಕಷಾಯ ಮಾಡಿಕೊಟ್ಟ’ ಅಂತ ಹೇಳಿದ್ದು ಅಡುಗೆಮನೆಯ ತನಕ ಕೇಳಿಸಿತು.