ನಾನು ಕೇಳಿದ್ದು ಪ್ರಶ್ನೆ, ಅವರಿಗೆ ಕೇಳಿಸಿದ್ದು ಬೈಗುಳ

ನಮ್ಮದು ಹುಳುಹುಪ್ಪಟೆಗಳ ಫೋಟೊ ತೆಗೆಯುವವರ ವಾಟ್ಸಾಪ್ ಗುಂಪು. ಮ್ಯಾಕ್ರೊ ಫೋಟೊಗ್ರಫಿ ಅಂತಾರಲ್ಲ, ಅದೇ. ನಾನು ಅದರ ಅಡ್ಮಿನ್‌ಗಳಲ್ಲಿ ಒಬ್ಬ. ಒಮ್ಮೆ, ಹೊಸದಾಗಿ ಸೇರಿದ್ದ ಹಿರಿಯರೊಬ್ಬರು ಏರೋಪ್ಲೇನ್ ಚಿಟ್ಟೆಯ ಫೋಟೊ ಹಾಕಿದರು. ಹುಳು ಪೂರ್ತಿ ಫೋಕಸ್‌ನಲ್ಲಿತ್ತು, ಆದರೆ ಚಿತ್ರದ ಮೇಲೆ ತೆಳ್ಳಗೆ ಮಂಜು ಕವಿದ ಹಾಗಿತ್ತು. ಸೆಟ್ಟಿಂಗ್ ನೋಡಿದೆ, ಎಫ್/22. ಲೆನ್ಸಿನ ಕಿಂಡಿ ಎಷ್ಟು ತೆರೆದಿದೆ ಅಂತ ಹೇಳುವ ಅಂಕಿ ಇದು, ಅಂಕಿ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು. ತಕ್ಷಣ ಟೈಪ್ ಮಾಡಿದೆ: ‘ಯಾಕೆ ಎಫ್/22 ಇಟ್ಟಿದ್ದೀರಿ?’

ನನಗೆ ನಿಜವಾಗಿಯೂ ತಿಳಿದುಕೊಳ್ಳಬೇಕಿತ್ತು. ಲೆನ್ಸಿನ ಕಿಂಡಿ ಚಿಕ್ಕದಾದಷ್ಟೂ ಜಾಸ್ತಿ ಭಾಗ ಫೋಕಸ್‌ಗೆ ಬರುತ್ತದೆ. ಆದರೆ ಅಷ್ಟು ಸಣ್ಣ ಕಿಂಡಿಯಲ್ಲಿ ನುಗ್ಗುವ ಬೆಳಕು ಹರಡಿಕೊಂಡು ಚಿತ್ರ ಮೆತ್ತಗಾಗುತ್ತದೆ. ಹುಳುವನ್ನು ಅದರ ನಿಜ ಗಾತ್ರದಲ್ಲೇ ಕ್ಯಾಮೆರಾದೊಳಗೆ ಚಿತ್ರ ಮೂಡುವ ಸೆನ್ಸರ್ ಮೇಲೆ ಬೀಳಿಸಿದರೆ ಎಫ್/22 ಹೆಚ್ಚುಕಡಿಮೆ ಎಫ್/44ರ ಹಾಗೆ ವರ್ತಿಸುತ್ತದೆ. ಕೆಲವರು ಇದು ಗೊತ್ತಿದ್ದೂ ಬೇಕಂತಲೇ ಇಡುತ್ತಾರೆ. ಇವರೂ ಹಾಗೆ ಇಟ್ಟರೋ ಏನೋ ಅಂತ ಕೇಳಿದ್ದು.

ಉತ್ತರವಾಗಿ ಕೈ ಮುಗಿದ ಎಮೋಜಿ ಬಂತು. ಥ್ಯಾಂಕ್ಸ್ ಹೇಳುತ್ತಿದ್ದಾರೆ ಅಂದುಕೊಂಡು ನಾನು ಮುಂದೆ ಹೋದೆ. ಎರಡು ದಿನ ಬಿಟ್ಟು ನೋಡಿದರೆ ಆ ಫೋಟೊ ಇಲ್ಲ. ಅವರೂ ಪೂರ್ತಿ ಸುಮ್ಮನಾಗಿಬಿಟ್ಟಿದ್ದರು. ಮೂರ್ನಾಲ್ಕು ವಾರ ಆದಮೇಲೆ ಗುಂಪಿನ ಇನ್ನೊಬ್ಬರು ನನಗೆ ಹೇಳಿದರು: ‘ಅವರಿಗೆ ತುಂಬಾ ಬೇಜಾರಾಗಿದೆ ಕಣ್ರೀ. ನಾಲ್ಕು ಜನರ ಮುಂದೆ ಹಾಗಾ ಕೇಳೋದು ಅಂದ್ರು.’ ಅಂದರೆ ಆ ಕೈ ಮುಗಿದದ್ದು ಥ್ಯಾಂಕ್ಸ್ ಅಲ್ಲ. ನಿಮಗೊಂದು ದೊಡ್ಡ ನಮಸ್ಕಾರ, ಸಾಕು ಬಿಡಿ ಅಂತ.

ಆ ರಾತ್ರಿ ನನ್ನ ಮೆಸೇಜನ್ನು ಗಟ್ಟಿಯಾಗಿ ಓದಿಕೊಂಡೆ. ‘ಯಾಕೆ ಲೇಟು?’, ‘ಯಾಕೆ ಹೋಂವರ್ಕ್ ಮಾಡಿಲ್ಲ?’ — ಚಿಕ್ಕಂದಿನಿಂದ ನಾವು ಕೇಳುವ ‘ಯಾಕೆ’ ಬಹುಪಾಲು ಗದರುವವರ ಬಾಯಿಂದಲೇ ಬರುವುದು ಅಲ್ವಾ? ಎದುರಿಗೆ ಕೂತು ಕೇಳಿದ್ದರೆ ನನ್ನ ಮುಖದ ಕುತೂಹಲ ಅವರಿಗೆ ಕಾಣುತ್ತಿತ್ತು. ಫೋನಿನಲ್ಲಿ ಬರೀ ಅಕ್ಷರ ಹೋಯಿತು.

1990ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಅನ್ನುವವರು ಒಂದು ಪ್ರಯೋಗ ಮಾಡಿದ್ದರು. ಒಬ್ಬರು ಗೊತ್ತಿರುವ ಹಾಡಿನ ಲಯವನ್ನು ಮೇಜಿನ ಮೇಲೆ ಬೆರಳಲ್ಲಿ ಕುಟ್ಟಬೇಕು, ಇನ್ನೊಬ್ಬರು ಯಾವ ಹಾಡು ಅಂತ ಹೇಳಬೇಕು. ಅರ್ಧದಷ್ಟನ್ನಾದರೂ ಗುರುತಿಸುತ್ತಾರೆ ಅಂತ ಕುಟ್ಟುವವರ ಅಂದಾಜು. ಗುರುತಿಸಿದ್ದು 120ರಲ್ಲಿ 3 ಮಾತ್ರ. ಕುಟ್ಟುವವರ ತಲೆಯೊಳಗೆ ಪೂರ್ತಿ ಹಾಡೇ ಓಡುತ್ತಿರುತ್ತದೆ, ಕೇಳುವವರಿಗೆ ಸಿಗುವುದು ಟಕ್ ಟಕ್ ಶಬ್ದ. ನನ್ನ ‘ಯಾಕೆ’ ಕೂಡ ಅವರಿಗೆ ಹಾಗೇ ತಲುಪಿತ್ತು.

ಗುಂಪಿನಲ್ಲೇ ಕ್ಷಮೆ ಕೇಳೋಣ ಅಂತ ಬರೆದು, ಮತ್ತೆ ಅಳಿಸಿದೆ. ಎಲ್ಲರೂ ಮತ್ತೊಮ್ಮೆ ಅವರನ್ನೇ ನೋಡುವ ಹಾಗಾಗುತ್ತಿತ್ತು. ಬೆಳಿಗ್ಗೆ ಫೋನ್ ಮಾಡಿದೆ. ‘ನನ್ನ ಉದ್ದೇಶ ಅದಲ್ಲ’ ಅನ್ನುವ ಮಾತು ನಾಲಿಗೆ ತುದಿಯಲ್ಲೇ ಇತ್ತು, ತಡೆದುಕೊಂಡೆ. ಅದನ್ನು ಮೊದಲು ಹೇಳಿದರೆ ನೀವೇ ತಪ್ಪು ತಿಳಿದಿರಿ ಅಂದಂತೆ ಆಗುತ್ತದೆ. ‘ಸರ್, ನನ್ನ ಮಾತಿನಿಂದ ನಿಮಗೆ ನೋವಾಯ್ತು. ತಪ್ಪಾಯ್ತು’ ಅಂದೆ. ಸ್ವಲ್ಪ ಹೊತ್ತು ಅವರು ಮಾತಾಡಲಿಲ್ಲ. ಆಮೇಲೆ ಹೇಳಿದರು: ನೀರಿನ ಪಕ್ಕ ಮೊಣಕಾಲೂರಿ ಒಂದು ಗಂಟೆ ಕಾದಿದ್ದರಂತೆ. ಕೈ ನಡುಗುತ್ತದೆ, ಎಲ್ಲಿ ಫೋಕಸ್ ತಪ್ಪುತ್ತದೋ ಅನ್ನುವ ಭಯಕ್ಕೆ ಎಫ್/22 ಇಟ್ಟರಂತೆ. ‘ನೀವು ಸೆಟ್ಟಿಂಗ್ ನೋಡಿದ್ರಿ. ಫೋಟೊ ಬಗ್ಗೆ ಒಂದು ಮಾತೂ ಹೇಳ್ಲಿಲ್ಲ.’

ನಿಜ. ನಾನು ಆ ಫೋಟೊ ನೋಡಿಯೇ ಇರಲಿಲ್ಲ.

ಈಗ ನಾನು ಮೊದಲು ಕಂಡಿದ್ದನ್ನು ಬರೆಯುತ್ತೇನೆ. ರೆಕ್ಕೆಯ ನರ, ಬೆನ್ನ ಹಿಂದಿನ ಬೆಳಕು, ಏನು ಕಣ್ಣಿಗೆ ಬಿತ್ತೋ ಅದು. ಆಮೇಲೆ ಬೇಕಾದರೆ, ‘ಎಫ್/22 ಇಡೋಕೆ ಏನಾದ್ರೂ ಕಾರಣ ಇತ್ತಾ? ನಾನು ಎಫ್/11ರಲ್ಲಿ ತೆಗೆದಾಗ ಕಣ್ಣು ಇನ್ನೂ ಚೂಪಾಗಿ ಬಂತು’ ಅಂತ. ಸ್ವಲ್ಪ ಉದ್ದವಾಗುತ್ತದೆ, ಆಗಲಿ. ಗುಂಪಿನಲ್ಲೂ ಎಲ್ಲರನ್ನೂ ಕೇಳಿ ಒಂದು ಮಾತು ಮಾಡಿಕೊಂಡೆವು. ತಿದ್ದಿಸಿಕೊಳ್ಳಬೇಕು ಅನ್ನುವವರು ಫೋಟೊ ಜೊತೆ ‘ತಪ್ಪು ಹೇಳಿ’ ಅಂತ ಹಾಕುತ್ತಾರೆ. ಹಾಕದವರ ಫೋಟೊದಲ್ಲಿ ಯಾರೂ ತಪ್ಪು ಹುಡುಕುವುದಿಲ್ಲ.

ಎಮೋಜಿ ಹಾಕಿದರೆ ಸಾಕು ಅನ್ನುವವರಿದ್ದಾರೆ. 1982ರಲ್ಲಿ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಸ್ಕಾಟ್ ಫಾಲ್‌ಮನ್ ಕಂಪ್ಯೂಟರ್ ಸಂದೇಶಗಳಲ್ಲಿ ತಮಾಷೆ ಯಾವುದು ಅಂತ ಗೊತ್ತಾಗಲಿ ಎಂದೇ ಚಿಹ್ನೆಗಳಲ್ಲಿ ನಗುಮುಖ ಬರೆಯುವ ಸಲಹೆ ಕೊಟ್ಟರು. ಒಳ್ಳೆಯದೇ. ಆದರೆ ಆ ಕೈ ಮುಗಿದ ಚಿತ್ರ ನೋಡಿದ ಮೇಲೆ ನಾನು ಬರೀ ಎಮೋಜಿ ನಂಬುವುದಿಲ್ಲ. ‘ಸರಿ’ ಅಂತ ಒಂದೇ ಪದ ಬಂದರೂ ವಿಚಾರಿಸುತ್ತೇನೆ. ಇಬ್ಬರ ನಡುವೆ ಮಾತು ಬಿಸಿಯಾದರೆ ಬರೆದವರಿಗೆ ಬೇರೆಯಾಗಿ ಮೆಸೇಜ್ ಮಾಡುತ್ತೇನೆ: ‘ನೀವು ಬರೆದಿದ್ದು ಹೀಗೂ ಕೇಳಿಸುತ್ತೆ. ಅದೇ ಅರ್ಥಾನಾ?’ ಬಹಳ ಸಲ ‘ಅಯ್ಯೋ ಇಲ್ಲ’ ಅಂದು ಅವರೇ ಹೋಗಿ ಸರಿಮಾಡುತ್ತಾರೆ. ‘ಹೌದು, ಅದೇ ಅರ್ಥ’ ಅಂದವರೂ ಒಬ್ಬರಿದ್ದರು. ಹೊಸಬರನ್ನು ಮತ್ತೆ ಮತ್ತೆ ಹೀಯಾಳಿಸುತ್ತಿದ್ದರು. ಅದು ತಪ್ಪು ತಿಳಿವಳಿಕೆ ಅಲ್ಲ. ಅವರನ್ನು ಗುಂಪಿನಿಂದ ತೆಗೆದೆ.

ಆ ಹಿರಿಯರು ಈಗ ಮತ್ತೆ ಫೋಟೊ ಹಾಕುತ್ತಾರೆ. ‘ತಪ್ಪು ಹೇಳಿ’ ಅಂತ ಇವತ್ತಿನವರೆಗೂ ಬರೆದಿಲ್ಲ, ನಾನೂ ಹೇಳಿಲ್ಲ. ಮೊನ್ನೆ ಒಂದು ಜಿಗಿಯುವ ಜೇಡದ ಫೋಟೊ ಹಾಕಿದ್ದರು. ‘ಮುಂದಿನ ನಾಲ್ಕೂ ಕಣ್ಣಲ್ಲಿ ಬೆಳಕು ಹೊಳೀತಿದೆ ಸರ್’ ಅಂತ ಬರೆದೆ. ಕೈ ಮುಗಿದ ಚಿತ್ರ ಬಂತು. ಅದರ ಕೆಳಗೆ, ‘ಎರಡು ಗಂಟೆ ಕಾದೆ.’